ಇಂಗ್ಲಿಷ್ ಭಾಷೆಯಲ್ಲಿ ನದಿಗಳು: ಹೆಸರು ಮತ್ತು ರೂಪಕ

ಶಾಸನವೂ ನಾಣ್ಯವೂ ದೊರೆಯದ ಕಾಲವನ್ನು ಕುರಿತು ಬರೆಯಬೇಕಾದಾಗ ಇತಿಹಾಸಕಾರನು ಸ್ಥಳನಾಮಗಳ ಕಡೆಗೆ ತಿರುಗುವುದು ವಾಡಿಕೆ. ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಕನ್ನಡದ ಕುರುಹುಗಳನ್ನು ಹುಡುಕಿದ ಬಗೆಯನ್ನು ಬಲ್ಲ ನಮಗೆ ಈ ಮಾರ್ಗವು ಹೊಸದಲ್ಲ. ಆದರೆ ಸ್ಥಳನಾಮಗಳಲ್ಲಿಯೂ ಊರಿನ ಹೆಸರಿಗಿಂತ ನದಿಯ ಹೆಸರು ಹೆಚ್ಚು ಹಳೆಯ ಸಾಕ್ಷಿಯೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಊರು ಹಾಳಾಗುತ್ತದೆ, ಅಥವಾ ಹೊಸ ಒಡೆಯನು ಬಂದು ಅದಕ್ಕೆ ತನ್ನ ಹೆಸರನ್ನಿಡುತ್ತಾನೆ. ಹೊಳೆಯಾದರೋ ನೂರು ಊರುಗಳ ಪಕ್ಕದಲ್ಲಿ ಹರಿಯುವುದರಿಂದ, ಒಂದು ಊರಿನವರು ಅದರ ಹೆಸರನ್ನು ಬದಲಾಯಿಸಿದ ಮಾತ್ರಕ್ಕೆ ಉಳಿದ ಊರಿನವರು ಬದಲಾಯಿಸುವುದಿಲ್ಲ. ಇಂಗ್ಲಿಷ್ ಭಾಷೆಯು ತನ್ನ ನದಿಗಳ ಹೆಸರುಗಳನ್ನು ಯಾರಿಂದ ಪಡೆಯಿತು, ಅವುಗಳಿಂದ ಊರುಗಳನ್ನೂ ನುಡಿಗಟ್ಟುಗಳನ್ನೂ ಹೇಗೆ ಕಟ್ಟಿಕೊಂಡಿತು, ಹೆಸರನ್ನು ಕೊಟ್ಟ ಜನರ ಗತಿ ಏನಾಯಿತು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಕ್ರಿ. ಶ. ೪೧೦ರ ಸುಮಾರಿಗೆ ಬ್ರಿಟನ್ನಿನಲ್ಲಿ ರೋಮನರ ಆಳಿಕೆ ಕೊನೆಗೊಂಡಿತು. ತರುವಾಯದ ಎರಡು ಶತಮಾನಗಳಲ್ಲಿ ಆಂಗ್ಲರು, ಸ್ಯಾಕ್ಸನರು ಮುಂತಾದ ಜರ್ಮಾನಿಕ್ ಪಂಗಡಗಳವರು ಉತ್ತರ ಸಮುದ್ರವನ್ನು ದಾಟಿ ಬಂದು, ಪೂರ್ವ ತೀರದಿಂದ ಒಳನಾಡಿಗೆ ಹರಡಿದರು. ಇವರ ಭಾಷೆಯೇ ಇಂದಿನ ಇಂಗ್ಲಿಷಿನ ಮೂಲ. ಅದಕ್ಕೆ ಮೊದಲು ಅಲ್ಲಿ ವಾಸವಾಗಿದ್ದವರು ಬ್ರಿಟನ್ನರು, ಎಂದರೆ ಇಂದಿನ ವೇಲ್ಸ್ ಜನರ ಪೂರ್ವಿಕರು. ಅವರದು ಕೆಲ್ಟಿಕ್ ವರ್ಗಕ್ಕೆ ಸೇರಿದ ಭಾಷೆ. ಈ ಬ್ರಿಟನ್ನರು ಏನಾದರು? ಆರನೆಯ ಶತಮಾನದ ಗಿಲ್ಡಾಸನೆಂಬ ಧರ್ಮಗುರು ಸುಟ್ಟ ಊರುಗಳನ್ನೂ ಹೂಳುವವರಿಲ್ಲದ ಹೆಣಗಳನ್ನೂ ವರ್ಣಿಸಿದ್ದಾನೆ. ೭೩೧ರಲ್ಲಿ ತನ್ನ ಇತಿಹಾಸವನ್ನು ಮುಗಿಸಿದ ಬೀಡನು ಆ ವರ್ಣನೆಯನ್ನೇ ಅನುಸರಿಸಿದನು. ಇವರನ್ನು ನಂಬಿ ಹತ್ತೊಂಬತ್ತನೆಯ ಶತಮಾನದ ಫ್ರೀಮನ್ ಮೊದಲಾದ ವಿದ್ವಾಂಸರು, ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನ ಬ್ರಿಟನ್ನರು ಬಹುಮಟ್ಟಿಗೆ ನಿರ್ಮೂಲವಾದರು ಅಥವಾ ಪಶ್ಚಿಮಕ್ಕೆ ಅಟ್ಟಲ್ಪಟ್ಟರು ಎಂದು ಪ್ರತಿಪಾದಿಸಿದರು. ಇಂಗ್ಲಿಷಿನ ದಿನಬಳಕೆಯ ಮಾತುಗಳಲ್ಲಿ ಕೆಲ್ಟಿಕ್ ಮೂಲದವು ಬೆರಳೆಣಿಕೆಯಷ್ಟು ಮಾತ್ರ ಇರುವುದು ಈ ವಾದಕ್ಕೆ ಬಲವನ್ನು ಕೊಟ್ಟಿತು.

ನದಿಗಳ ಹೆಸರುಗಳು ಹೇಳುವ ಕಥೆ ಬೇರೆ. ಥೇಮ್ಸ್, ಸೆವರ್ನ್, ಟ್ರೆಂಟ್, ಏವನ್, ಎಕ್ಸ್, ಡೀ, ಡರ್ವೆಂಟ್, ಡಾನ್, ಟೈನ್ ಇವುಗಳಲ್ಲಿ ಒಂದೂ ಇಂಗ್ಲಿಷ್ ಪದವಲ್ಲ. ಸ್ವೀಡನ್ನಿನ ವಿದ್ವಾಂಸ ಐಲರ್ಟ್ ಎಕ್‌ವಾಲ್ ೧೯೨೮ರಲ್ಲಿ ಇಂಗ್ಲೆಂಡಿನ ನದೀನಾಮಗಳನ್ನೆಲ್ಲ ಒಟ್ಟುಗೂಡಿಸಿ, ಒಂದೊಂದರ ಹಳೆಯ ರೂಪಗಳನ್ನೂ ಪರೀಕ್ಷಿಸಿ ಗ್ರಂಥವನ್ನು ರಚಿಸಿದನು. ಆ ಸಾಮಗ್ರಿಯ ಆಧಾರದಿಂದ ಕೆನೆತ್ ಜಾಕ್ಸನ್ ೧೯೫೩ರ ತನ್ನ ಗ್ರಂಥದಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿದನು. ಇತಿಹಾಸದ ವಿದ್ಯಾರ್ಥಿಯಾದವನು ಒಮ್ಮೆಯಾದರೂ ನೋಡಬೇಕಾದ ನಕ್ಷೆ ಅದು. ಪೂರ್ವ ತೀರದ ವಲಯದಲ್ಲಿ ದೊಡ್ಡ ನದಿಗಳಿಗೂ ಕೆಲವು ನಡುತರದ ನದಿಗಳಿಗೂ ಮಾತ್ರ ಬ್ರಿಟನ್ನರ ಹೆಸರುಗಳು ಉಳಿದಿವೆ. ಹಳ್ಳಕೊಳ್ಳಗಳ ಹೆಸರುಗಳು ಇಂಗ್ಲಿಷಿನವು. ನಡುನಾಡಿಗೆ ಬಂದಂತೆ ಸಣ್ಣ ಹೊಳೆಗಳೂ ಹಳೆಯ ಹೆಸರನ್ನು ಹೊತ್ತಿರುತ್ತವೆ. ಇನ್ನೂ ಪಶ್ಚಿಮಕ್ಕೆ, ವೇಲ್ಸಿನ ಗಡಿಯ ಹತ್ತಿರಕ್ಕೆ ಹೋದರೆ ತೀರ ಚಿಕ್ಕ ತೊರೆಗಳಿಗೂ ಬ್ರಿಟನ್ನರ ಹೆಸರುಗಳೇ ಇವೆ. ವೇಲ್ಸ್ ಮತ್ತು ಕಾರ್ನ್‌ವಾಲ್‌ಗಳಲ್ಲಿ ಇಡೀ ನಾಡಿನ ಹೆಸರುಗಳೇ ಕೆಲ್ಟಿಕ್. ಈ ವಲಯಗಳು ಇಂಗ್ಲಿಷರು ಐದನೆಯ ಶತಮಾನದಿಂದ ಏಳನೆಯ ಶತಮಾನದವರೆಗೆ ಹಂತಹಂತವಾಗಿ ಮುಂದುವರಿದ ಕ್ರಮಕ್ಕೆ ಹೊಂದಿಕೊಳ್ಳುತ್ತವೆ.

ಇದರಿಂದ ತಿಳಿಯುವುದೇನು? ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ. ಕೇಳುವವನೊಬ್ಬನೂ ಹೇಳುವವನೊಬ್ಬನೂ ಇರಬೇಕು. ಇಬ್ಬರೂ ಒಂದೇ ದಡದ ಮೇಲೆ ನಿಂತಿರಬೇಕು. ಒಂದು ಸೀಮೆಯ ಜನರೆಲ್ಲರನ್ನೂ ಕೊಂದು ಬಂದವನಿಗೆ ಅಲ್ಲಿನ ಹೊಳೆಯ ಹೆಸರನ್ನು ಹೇಳುವವರು ಯಾರು? ಪೂರ್ವದಲ್ಲಿ ಸಣ್ಣ ತೊರೆಗಳ ಹೆಸರುಗಳು ಅಳಿದುಹೋದುವೆಂದರೆ ಆ ತೊರೆಗಳ ಬಳಿ ಸಾಗುವಳಿ ಮಾಡುತ್ತಿದ್ದವರ ಭಾಷೆ ಬೇಗನೆ ಮರೆಯಾಯಿತೆಂದು ತಿಳಿಯಬಹುದು. ಪಶ್ಚಿಮದಲ್ಲಿ ಅವು ಉಳಿದುವೆಂದರೆ ಎರಡು ಭಾಷೆಗಳ ಜನ ತಲೆಮಾರುಗಳ ಕಾಲ ಅಕ್ಕಪಕ್ಕದಲ್ಲಿ ಬಾಳಿದರೆಂದು ಹೇಳಬೇಕಾಗುತ್ತದೆ. ೨೦೨೨ರಲ್ಲಿ ಪ್ರಕಟವಾದ, ಹಳೆಯ ಸಮಾಧಿಗಳ ಎಲುಬುಗಳಿಂದ ತೆಗೆದ ವಂಶಧಾತುವಿನ ಪರಿಶೀಲನೆಯೂ ಇದಕ್ಕೆ ದೂರವಾಗಿಲ್ಲ. ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನಲ್ಲಿ ಆ ಕಾಲದವರ ವಂಶಾಂಶದ ಸುಮಾರು ಮುಕ್ಕಾಲು ಪಾಲು ಸಮುದ್ರದಾಚೆಯಿಂದ ಬಂದುದು. ಆದರೂ ಸ್ಥಳೀಯರೊಡನೆ ಬೆರಕೆ ನಡೆದಿತ್ತು. ವಲಸೆ ದೊಡ್ಡದಾಗಿತ್ತು, ನಿರ್ಮೂಲನವು ಪೂರ್ಣವಾಗಿರಲಿಲ್ಲ. ಫ್ರೀಮನ್ನನ ವಾದದಲ್ಲಿ ಅರ್ಧ ಸತ್ಯವಿತ್ತೆಂದು ಒಪ್ಪಿಕೊಳ್ಳುವುದೇ ನ್ಯಾಯ.

ಕೇಳಿದವನು ಉತ್ತರವನ್ನು ಸರಿಯಾಗಿ ಗ್ರಹಿಸಿದನೆ ಎಂಬುದು ಬೇರೆ ಮಾತು. 'ಏವನ್' ಎಂಬ ನದಿಗಳು ಇಂಗ್ಲೆಂಡಿನಲ್ಲಿ ಹಲವಿವೆ. ಷೇಕ್ಸ್‌ಪಿಯರನ ಊರಾದ ಸ್ಟ್ರ್ಯಾಟ್‌ಫರ್ಡ್ ಇರುವುದು ಒಂದು ಏವನ್ನಿನ ದಡದಲ್ಲಿ, ಬ್ರಿಸ್ಟಲ್ ಇರುವುದು ಇನ್ನೊಂದರ ದಡದಲ್ಲಿ. ವೇಲ್ಸ್ ಭಾಷೆಯಲ್ಲಿ 'ಆವೊನ್' ಎಂದರೆ ನದಿ ಎಂದಷ್ಟೇ ಅರ್ಥ. ಬ್ರಿಟನ್ನನು 'ಹೊಳೆ' ಎಂದು ಹೇಳಿದುದನ್ನು ಬಂದವನು ಅಂಕಿತನಾಮವೆಂದು ತಿಳಿದುಕೊಂಡನು. ಆದಕಾರಣ ಇಂದು 'ಏವನ್ ನದಿ' ಎನ್ನುವವನು 'ಹೊಳೆ ಹೊಳೆ' ಎಂದಂತಾಗುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಯೊಬ್ಬನು, ತನ್ನ ಅಜ್ಜಿ ಹೇಮಾವತಿಯನ್ನು ಒಮ್ಮೆಯೂ ಹೆಸರು ಹಿಡಿದು ಕರೆದುದಿಲ್ಲವೆಂದೂ ಅವಳಿಗೆ ಅದು ಬರಿಯ 'ಹೊಳೆ'ಯೆಂದೂ ಹೇಳಿದನು. ಆ ನದಿಯ ದಡದ ನರಸೀಪುರವು ಹೊಳೆನರಸೀಪುರವಾಗಿರುವುದು ಎಲ್ಲರಿಗೂ ತಿಳಿದದ್ದೇ. ಒಂದೇ ಹೊಳೆಯ ಬಳಿ ಹುಟ್ಟಿ ಬೆಳೆದವನಿಗೆ ಬೇರೆ ಹೆಸರಿನ ಅಗತ್ಯವಿಲ್ಲ. ಹೆಸರು ಬೇಕಾಗುವುದು ಹೊರಗಿನಿಂದ ಬಂದವನಿಗೆ.

ಉಳಿದ ಹೆಸರುಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ನೋಡಬಹುದು. ಚೆಸ್ಟರ್ ಪಟ್ಟಣದ ಬಳಿ ಹರಿಯುವ ಡೀ ನದಿಯನ್ನು ರೋಮನರು 'ದೇವಾ' ಎಂದು ಬರೆದರು. ಇದರ ಅರ್ಥ ದೇವತೆ, ನಮ್ಮ 'ದೇವಿ' ಶಬ್ದದ ದಾಯಾದಿ. ಡರ್ವೆಂಟ್ ಮತ್ತು ಡಾರ್ಟ್ ಎಂಬವು ಓಕ್ ಮರದ ಹೆಸರಿನಿಂದ ಬಂದವು. ಸೆವರ್ನ್ ಹೆಚ್ಚು ಸ್ವಾರಸ್ಯವಾದುದು. ಟ್ಯಾಸಿಟಸನು 'ಸಬ್ರಿನಾ' ಎಂದು ಬರೆದ ಈ ನದಿ ವೇಲ್ಸ್ ಭಾಷೆಯಲ್ಲಿ 'ಹಾವ್ರೆನ್'. ಪದಾದಿಯ ಸಕಾರವು ಆ ಭಾಷೆಯಲ್ಲಿ ಹಕಾರವಾಗಿದೆ. ಸಿಂಧುವು ಪಾರಸಿಕರ ಬಾಯಲ್ಲಿ 'ಹಿಂದು' ಆದಂತೆಯೇ. ಇಂಗ್ಲಿಷಿನಲ್ಲಾದರೋ ಸಕಾರ ಉಳಿದಿದೆ.

ಸಿಂಧುವಿನ ಮಾತು ಬಂದುದರಿಂದ ಇನ್ನೊಂದು ಮಾತನ್ನು ಸೇರಿಸಬಹುದು. ಪಾರಸಿಕರ ಹಕಾರವನ್ನು ಗ್ರೀಕರು ಕೈಬಿಟ್ಟು 'ಇಂಡೋಸ್' ಎಂದರು. ಅದರಿಂದ 'ಇಂಡಿಯಾ' ಹುಟ್ಟಿ ಲ್ಯಾಟಿನ್ ಮೂಲಕ ಇಂಗ್ಲಿಷನ್ನು ಸೇರಿತು. ಕೊಲಂಬಸನ ಭ್ರಾಂತಿಯಿಂದ ಅಮೆರಿಕದ ಮೂಲನಿವಾಸಿಗಳು ಇಂಡಿಯನರಾದರು. ೧೮೧೬ರಲ್ಲಿ ಸಂಯುಕ್ತ ಸಂಸ್ಥಾನವನ್ನು ಸೇರಿದ ಒಂದು ರಾಜ್ಯಕ್ಕೆ ಅವರ ಹೆಸರಿನಿಂದ ಇಂಡಿಯಾನಾ ಎಂಬ ಹೆಸರಾಯಿತು. ನೀಲಿಗೆ ಇಂಗ್ಲಿಷಿನಲ್ಲಿರುವ 'ಇಂಡಿಗೊ' ಎಂಬ ಹೆಸರೂ 'ಇಂಡಿಯದ್ದು' ಎಂಬರ್ಥದ ಗ್ರೀಕ್ ಪದದಿಂದ ಬಂದುದು. ಒಂದೇ ನದಿಯ ಹೆಸರು ಇಷ್ಟು ದೂರ ಹರಿದ ಉದಾಹರಣೆ ಇಂಗ್ಲಿಷಿನಲ್ಲಿ ಬೇರೊಂದು ಇದ್ದಂತೆ ನನಗೆ ಕಾಣದು.

ಇನ್ನು ನದಿಗಳಿಂದಾದ ಊರುಗಳು. ಇಂಗ್ಲಿಷರು ನದಿಯ ಹೆಸರನ್ನು ಹಿಂದಿನವರಿಂದ ಪಡೆದರೂ ಅದರ ದಡದಲ್ಲಿ ತಮಗೆ ಬೇಕಾದುದನ್ನು ತಮ್ಮ ಮಾತಿನಲ್ಲಿಯೇ ಗುರುತಿಸಿಕೊಂಡರು. ನಡೆದು ದಾಟುವ ಹಾಯ್ಗಡಕ್ಕೆ 'ಫರ್ಡ್' ಎಂದು ಹೆಸರು: ಆಕ್ಸ್‌ಫರ್ಡ್ ಎತ್ತುಗಳ ಹಾಯ್ಗಡ. ಬ್ರಿಸ್ಟಲ್ ಎಂದರೆ ಸೇತುವೆಯಿರುವ ಸ್ಥಳ. ಅಳಿವೆಗೆ 'ಮೌತ್', ಎಂದರೆ ಬಾಯಿ, ಎಂದು ಹೇಳುವರು. ಎಕ್ಸ್ ನದಿಯ ಅಳಿವೆ ಎಕ್ಸ್‌ಮತ್, ಡಾರ್ಟ್ ನದಿಯ ಅಳಿವೆ ಡಾರ್ಟ್‌ಮತ್. ಈಟನ್ ಎಂಬ ಊರಿನ ಹೆಸರನ್ನು ಅಲ್ಲಿನ ಶಾಲೆಯಿಂದಾಗಿ ಎಲ್ಲರೂ ಕೇಳಿದ್ದಾರೆ. ಅದರಲ್ಲಿರುವ ಮೊದಲ ಅಕ್ಷರವು ಹಳೆಯ ಇಂಗ್ಲಿಷಿನಲ್ಲಿ ನದಿಗಿದ್ದ 'ಏಅ' ಎಂಬ ಪದ. ಆ ಪದ ಇಂದು ಇಂಗ್ಲಿಷರ ಮಾತಿನಲ್ಲಿಲ್ಲ. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚಿನಿಂದ ಬಂದ 'ರಿವರ್' ಎಂಬುದು ಅದರ ಸ್ಥಾನವನ್ನು ಆಕ್ರಮಿಸಿತು. ಬ್ರಿಟನ್ನರ 'ಆವೊನ್' ಏವನ್ನಿನಲ್ಲಿ ಉಳಿದಂತೆ, ಇಂಗ್ಲಿಷರ ಸ್ವಂತ ಪದವೂ ಊರಿನ ಹೆಸರಿನಲ್ಲಿ ಮಾತ್ರ ಉಳಿಯಿತು.

ಕೆಲವು ಕಡೆ ಕ್ರಮವು ತಿರುಗುಮುರುಗಾಗಿದೆ. ಊರಿನಿಂದ ನದಿಗೆ ಹೆಸರು ಬಂದಿದೆ. ಕೇಂಬ್ರಿಜ್ ಎಂದರೆ ಕ್ಯಾಮ್ ನದಿಯ ಸೇತುವೆ ಎಂದು ಯಾರಾದರೂ ಹೇಳುವರು. ಆದರೆ ಆ ನದಿಯ ಹಳೆಯ ಹೆಸರು ಗ್ರಾಂಟಾ, ಊರಿನದು ಗ್ರಾಂಟಬ್ರಿಜ್. ನಾರ್ಮನರ ಕಾಲದ ತರುವಾಯ ಉಚ್ಚಾರಣೆ ಸವೆದು ಕ್ಯಾಂಟಬ್ರಿಜ್ ಆಗಿ, ಕೊನೆಗೆ ಕೇಂಬ್ರಿಜ್ ಆಯಿತು. ಆಮೇಲೆ ಪಂಡಿತರು ಊರಿನ ಹೆಸರನ್ನು ಬಿಡಿಸಿ ನೋಡಿ, ಸೇತುವೆಯ ಕೆಳಗಿನ ನದಿ ಕ್ಯಾಮ್ ಆಗಿರಲೇಬೇಕೆಂದು ತೀರ್ಮಾನಿಸಿದರು. ಗ್ರಾಂಟಾ ಎಂಬ ಹೆಸರು ಮೇಲ್ಭಾಗದಲ್ಲಿ ಈಗಲೂ ಬಳಕೆಯಲ್ಲಿದೆ. ಆಕ್ಸ್‌ಫರ್ಡಿನ ಪಂಡಿತರೇನೂ ಹಿಂದೆ ಬೀಳಲಿಲ್ಲ. ಥೇಮ್ಸಿನ ಲ್ಯಾಟಿನ್ ಹೆಸರಾದ 'ತಾಮೆಸಿಸ್' ಎಂಬುದನ್ನು ಥೇಮ್ ಮತ್ತು ಐಸಿಸ್ ಎಂಬ ಎರಡು ನದಿಗಳ ಸಂಗಮವೆಂದು ಒಡೆದು, ತಮ್ಮ ಊರಿನ ಬಳಿಯ ಥೇಮ್ಸಿಗೆ ಐಸಿಸ್ ಎಂದು ಹೆಸರಿಟ್ಟುಕೊಂಡರು. ಎರಡು ವಿಶ್ವವಿದ್ಯಾನಿಲಯಗಳ ನದಿಗಳೂ ಹೀಗೆ ತಪ್ಪು ವ್ಯುತ್ಪತ್ತಿಯ ಫಲವಾಗಿರುವುದು ನಮ್ಮಂತಹ ಅಧ್ಯಾಪಕರಿಗೆ ಎಚ್ಚರಿಕೆಯಾಗಿರಲಿ. ಥೇಮ್ಸ್ ಶಬ್ದದ ಬರವಣಿಗೆಯಲ್ಲಿರುವ 'ಎಚ್' ಅಕ್ಷರವೂ ಅದಕ್ಕೆ ಗ್ರೀಕ್ ಕಳೆಯನ್ನು ಕೊಡಲು ಕಾಲಾನಂತರದಲ್ಲಿ ಸೇರಿಸಿದ್ದು. ನಾವು ಥೇಮ್ಸ್ ಎಂದು ಬರೆದರೂ ಲಂಡನ್ನಿನವರ ಬಾಯಲ್ಲಿ ಅದು ಇಂದಿಗೂ 'ಟೆಮ್ಸ್'.

ನದಿಯಿಂದ ಹುಟ್ಟಿದ ಸಾಮಾನ್ಯ ಪದಗಳಲ್ಲಿಯೂ ಇಂತಹ ಮರೆವು ಕಾಣುತ್ತದೆ. ಮೇಲೆ ಹೇಳಿದ 'ರಿವರ್' ಶಬ್ದದ ಮೂಲ ಲ್ಯಾಟಿನ್ನಿನ 'ರೀಪಾ', ಎಂದರೆ ದಡ. 'ಬಂದು ಸೇರು' ಎಂಬರ್ಥದ 'ಅರೈವ್' ಕೂಡ ಅದರಿಂದಲೇ ಆದುದು. ದಡಕ್ಕೆ ಮುಟ್ಟುವುದು ಎಂದು ಅದರ ಮೊದಲ ಅರ್ಥ. 'ರೀಪಾ'ವನ್ನು ಹೋಲುವ, ಆದರೆ ಅದಕ್ಕಿಂತ ಭಿನ್ನವಾದ 'ರೀವುಸ್' ಎಂಬ ಇನ್ನೊಂದು ಪದವುಂಟು. ಇದಕ್ಕೆ ತೊರೆ, ಕಾಲುವೆ ಎಂದು ಅರ್ಥ. 'ಡಿರೈವ್' ಎಂದರೆ ಮೊದಲು ಕಾಲುವೆ ತೋಡಿ ನೀರನ್ನು ತಿರುಗಿಸುವುದು. ಒಂದೇ ಕಾಲುವೆಯ ನೀರನ್ನು ಬಳಸುವ ಅಕ್ಕಪಕ್ಕದ ಒಕ್ಕಲಿಗರು ರೋಮನ್ ಕಾನೂನಿನಲ್ಲಿ 'ರೀವಾಲಿಸ್' ಎನಿಸಿಕೊಂಡರು. ಅದೇ ಇಂಗ್ಲಿಷಿನ 'ರೈವಲ್', ಎದುರಾಳಿ. ನೀರು ಹಂಚಿಕೊಳ್ಳುವವನೇ ಎದುರಾಳಿಯಾದ ಬಗೆಯನ್ನು ಕಾವೇರಿಯ ಬಯಲಿನವರಿಗೆ ವಿವರಿಸಬೇಕಾಗಿಲ್ಲ. ೧೮೯೨ ಮತ್ತು ೧೯೨೪ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದಗಳನ್ನು ಕುರಿತ ಚರ್ಚೆಯಲ್ಲಿ ಪದೇ ಪದೇ ಕೇಳಿಬರುವ 'ರಿಪೇರಿಯನ್' ಹಕ್ಕು ಎಂಬ ಮಾತೂ ಅದೇ 'ರೀಪಾ'ದ ಮಗಳು.

ಅಂಕಿತನಾಮಗಳು ರೂಪಕಗಳಾದುದೂ ಉಂಟು. ಅಂಕುಡೊಂಕಾಗಿ ಹರಿಯುವುದಕ್ಕೆ 'ಮಿಯಾಂಡರ್' ಎನ್ನುತ್ತಾರಷ್ಟೆ. ಇದು ಇಂದಿನ ತುರ್ಕಿಯಲ್ಲಿ ಹರಿಯುವ ಒಂದು ನದಿಯ ಗ್ರೀಕ್ ಹೆಸರು. ತುರ್ಕರು ಅದನ್ನು ಬುಯುಕ್ ಮೆಂದೆರೆಸ್ ಎನ್ನುತ್ತಾರೆ. ಅದು ತಂದ ಹೂಳಿನಿಂದಾಗಿ ಹಿಂದೆ ರೇವುಪಟ್ಟಣವಾಗಿದ್ದ ಮಿಲೀಟಸ್ ಈಗ ಕಡಲಿನಿಂದ ಹಲವು ಮೈಲಿ ಒಳಗಿದೆ. ಇನ್ನೊಂದು ರುಬಿಕಾನ್. ಕ್ರಿ. ಪೂ. ೪೯ರ ಜನವರಿಯಲ್ಲಿ ಜೂಲಿಯಸ್ ಸೀಸರನು ಸೈನ್ಯಸಮೇತನಾಗಿ ಈ ಗಡಿಹೊಳೆಯನ್ನು ದಾಟಿ ಅಂತರ್ಯುದ್ಧಕ್ಕೆ ಕಾರಣನಾದನು. ಹಿಂದಿರುಗಲಾಗದ ಹೆಜ್ಜೆಯನ್ನಿಟ್ಟವನು ರುಬಿಕಾನನ್ನು ದಾಟಿದನೆಂದು ಇಂಗ್ಲಿಷಿನಲ್ಲಿ ಹೇಳುವರು. ನಮ್ಮ ಲಕ್ಷ್ಮಣರೇಖೆ ಇದಕ್ಕೆ ಹತ್ತಿರ ಬಂದರೂ ಸಮಾನವಲ್ಲ. ಅಲ್ಲಿ ಒತ್ತು ನಿಷೇಧದ ಮೇಲೆ, ಇಲ್ಲಿ ಬದಲಾಯಿಸಲಾಗದ ನಿರ್ಧಾರದ ಮೇಲೆ. ಲೋಕವೆಲ್ಲ ಬಲ್ಲ ಈ ಹೊಳೆ ಯಾವುದೆಂಬುದೇ ಶತಮಾನಗಳ ಕಾಲ ಚರ್ಚೆಯಲ್ಲಿತ್ತು. ೧೯೩೩ರಲ್ಲಿ ಮುಸೊಲಿನಿಯ ಸರ್ಕಾರವು ಫ್ಯೂಮಿಚೀನೊ ಎಂಬ ಸಣ್ಣ ಹೊಳೆಗೆ ಆ ಹೆಸರನ್ನು ಕೊಟ್ಟಿತು.

ಇಂಗ್ಲಿಷ್ ಭಾಷೆಯು ಹದಿನೇಳನೆಯ ಶತಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ ಏವನ್ನಿನ ಕಥೆ ಮತ್ತೆ ನಡೆಯಿತು. ಈ ಸಲ ದಾಖಲೆಗಳಿರುವುದರಿಂದ, ಕೇಳಿದವರು ಯಾರು, ಹೇಳಿದವರಿಗೆ ಏನಾಯಿತು ಎಂಬುದು ನಮಗೆ ಹೆಚ್ಚು ಸ್ಪಷ್ಟವಾಗಿ ತಿಳಿದಿದೆ. ಮಿಸಿಸಿಪಿ ಎಂದರೆ ಒಜಿಬ್ವೆ ಜನರ ಭಾಷೆಯಲ್ಲಿ ಮಹಾನದಿ. ಒಹಾಯೊ ಎಂಬುದು ಸೆನೆಕಾ ಭಾಷೆಯಲ್ಲಿ ಒಳ್ಳೆಯ ನದಿ. ಕನೆಟಿಕಟ್ ಎಂಬುದಕ್ಕೆ ಉಬ್ಬರವಿಳಿತವುಳ್ಳ ಉದ್ದನೆಯ ನದಿ ಎಂದು ಅರ್ಥ. ಈ ಮೂರೂ ರಾಜ್ಯಗಳ ಹೆಸರುಗಳೂ ಆದುವು. ಡೆಲಾವೇರ್ ನದಿಯದು ಇದಕ್ಕೆ ವಿರುದ್ಧವಾದ ವೃತ್ತಾಂತ. ೧೬೧೦ರಲ್ಲಿ ವರ್ಜೀನಿಯಕ್ಕೆ ಗವರ್ನರನಾಗಿ ಬಂದ ಡಿ ಲಾ ವಾರ್ ಪ್ರಭುವಿನ ಹೆಸರನ್ನು ಅದೇ ವರ್ಷ ಒಂದು ಕೊಲ್ಲಿಗೆ ಇಟ್ಟರು. ಕೊಲ್ಲಿಯಿಂದ ಅದು ನದಿಗೆ ಬಂದಿತು. ನದಿಯಿಂದ ಅದರ ದಡದಲ್ಲಿ ವಾಸವಾಗಿದ್ದ ಲೆನಾಪೆ ಜನರಿಗೆ ಅಂಟಿಕೊಂಡಿತು. ಅವರನ್ನು ಹಂತಹಂತವಾಗಿ ಪಶ್ಚಿಮಕ್ಕೆ ಸಾಗಹಾಕಲಾಯಿತು. ಈಗ ಆ ನದಿಯಿಂದ ಬಹುದೂರದ ಒಕ್ಲಹೋಮಾದಲ್ಲಿರುವ ಅವರ ಸಂತತಿಯವರ ಸಂಘಟನೆಗಳು ಡೆಲಾವೇರ್ ಎಂಬ ಹೆಸರಿನಿಂದಲೇ ಗುರುತಿಸಲ್ಪಡುತ್ತವೆ.

ಕನೆಟಿಕಟ್ ರಾಜ್ಯದಲ್ಲಿಯೂ ಒಂದು ಥೇಮ್ಸ್ ಇದೆ. ಅಲ್ಲಿಯ ಜನ ಅದನ್ನು ಬರೆದಂತೆಯೇ 'ಥೇಮ್ಸ್' ಎಂದು ಉಚ್ಚರಿಸುತ್ತಾರೆ. ಅದಕ್ಕೆ ಮೊದಲಿದ್ದ ಹೆಸರು ಪೀಕ್ವಾಟ್ ನದಿ. ಪೀಕ್ವಾಟ್ ಎಂಬುದು ಆ ತೀರದ ಮೂಲನಿವಾಸಿ ಜನಾಂಗದ ಹೆಸರು. ೧೬೩೭ರ ಮೇ ತಿಂಗಳಲ್ಲಿ ಇಂಗ್ಲಿಷ್ ವಸಾಹತಿನವರು ಅವರ ಒಂದು ಕೋಟೆಹಳ್ಳಿಗೆ ಬೆಂಕಿಯಿಟ್ಟು, ಹೆಂಗಸರು ಮಕ್ಕಳೆನ್ನದೆ ನೂರಾರು ಮಂದಿಯನ್ನು ಕೊಂದರು. ಮರುವರ್ಷದ ಹಾರ್ಟ್‌ಫರ್ಡ್ ಒಪ್ಪಂದದ ಪ್ರಕಾರ ಬದುಕಿ ಉಳಿದವರನ್ನು ನೆರೆಯ ಜನಾಂಗಗಳಿಗೆ ಹಂಚಿದುದಲ್ಲದೆ, ಅವರು ಇನ್ನು ಮುಂದೆ ಪೀಕ್ವಾಟರೆಂದು ಕರೆದುಕೊಳ್ಳಕೂಡದೆಂದು ವಿಧಿಸಲಾಯಿತು. ೧೬೫೮ರಲ್ಲಿ ಪೀಕ್ವಾಟ್ ಎಂಬ ಊರು ನ್ಯೂ ಲಂಡನ್ ಆಯಿತು, ನದಿ ಥೇಮ್ಸ್ ಆಯಿತು. ನದಿಯ ಹೆಸರು ತಾನಾಗಿ ಅಳಿಯುವುದು ಎಷ್ಟು ಕಷ್ಟವೆಂಬುದನ್ನು ಮೇಲೆ ನೋಡಿದ್ದೇವೆ. ಇಲ್ಲಿ ಅದನ್ನು ಅಳಿಸಲು ಯುದ್ಧವೂ ಒಪ್ಪಂದವೂ ಶಾಸನಸಭೆಯ ಗೊತ್ತುವಳಿಯೂ ಬೇಕಾದುವು. ಇಂಗ್ಲೆಂಡಿನಲ್ಲಿ ಬ್ರಿಟನ್ನರು ಬಿಟ್ಟುಹೋದ ಹೆಸರೇ ಇಲ್ಲಿ ಇನ್ನೊಂದು ಜನದ ಹೆಸರನ್ನು ಮುಚ್ಚುವ ಸಾಧನವಾಯಿತು. ಪೀಕ್ವಾಟರು ಅಳಿಯಲಿಲ್ಲ, ೧೯೮೩ರಲ್ಲಿ ಅವರ ಒಂದು ಶಾಖೆಗೆ ಅದೇ ಹೆಸರಿನಲ್ಲಿ ಸಂಯುಕ್ತ ಸಂಸ್ಥಾನದ ಸರ್ಕಾರದ ಮನ್ನಣೆ ದೊರೆಯಿತು. ನದಿ ಮಾತ್ರ ಥೇಮ್ಸ್ ಆಗಿಯೇ ಇದೆ.

ಅಮೆರಿಕದ ನದಿಗಳು ಇಂಗ್ಲಿಷಿಗೆ ಕೊಟ್ಟ ನುಡಿಗಟ್ಟುಗಳಲ್ಲಿ ಒಂದನ್ನು ಇಲ್ಲಿ ವಿವರಿಸಬೇಕು. ನಂಬಿದವರಿಗೆ ದ್ರೋಹಮಾಡಿದನು ಎಂಬರ್ಥದಲ್ಲಿ 'ಹೊಳೆಯ ಕೆಳಗೆ ಮಾರಿದನು' ಎಂದು ಹೇಳುವುದುಂಟು. ಕಚೇರಿಯ ಜಗಳಗಳಲ್ಲಿ, ಆಟಗಾರರನ್ನು ಕುರಿತ ಹರಟೆಯಲ್ಲಿ ಇದನ್ನು ಧಾರಾಳವಾಗಿ ಬಳಸುತ್ತಾರೆ. ಇದು ಮೊದಲು ರೂಪಕವಾಗಿರಲಿಲ್ಲ. ಆಫ್ರಿಕದಿಂದ ಗುಲಾಮರನ್ನು ತರುವುದು ೧೮೦೮ರ ಜನವರಿ ೧ರಿಂದ ನಿಷಿದ್ಧವಾದಾಗ ದಕ್ಷಿಣದ ಹತ್ತಿ ಮತ್ತು ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. ವರ್ಜೀನಿಯಾ, ಕೆಂಟಕಿ ಮುಂತಾದ ಉತ್ತರಭಾಗದ ಗುಲಾಮ ರಾಜ್ಯಗಳ ಒಡೆಯರು ತಮ್ಮಲ್ಲಿದ್ದವರನ್ನು ಮಾರತೊಡಗಿದರು. ಕಾಲ್ನಡೆಯಲ್ಲಿ ಸಂಕೋಲೆ ತೊಡಿಸಿ ಕೊಂಡೊಯ್ದವರೂ ಇದ್ದರು, ಕಡಲ ಮಾರ್ಗವಾಗಿ ಕಳುಹಿಸಿದವರೂ ಇದ್ದರು; ಕೆಂಟಕಿ, ಮಿಸ್ಸೂರಿಗಳಿಂದ ಒಹಾಯೊ, ಮಿಸಿಸಿಪಿಗಳ ಮೂಲಕ ಹಡಗಿನಲ್ಲಿ ನ್ಯೂ ಆರ್ಲಿಯನ್ಸಿನ ಸಂತೆಗೆ ಸಾಗಿಸುವುದು ಸುಲಭವಾಗಿತ್ತು. ಅಂತರ್ಯುದ್ಧಕ್ಕೆ ಮುಂಚಿನ ಅರ್ಧ ಶತಮಾನದಲ್ಲಿ ಹೀಗೆ ದಕ್ಷಿಣಕ್ಕೆ ಸಾಗಿಸಲ್ಪಟ್ಟವರು ಎಲ್ಲ ಮಾರ್ಗಗಳಿಂದಲೂ ಸೇರಿ ಸುಮಾರು ಹತ್ತು ಲಕ್ಷವೆಂದು ಇತಿಹಾಸಕಾರರ ಅಂದಾಜು. ಹೊಳೆಯ ಕೆಳಗೆ ಹೋದವನಿಗೆ ಹೆಂಡತಿ ಮಕ್ಕಳ ಸುದ್ದಿ ಮತ್ತೆ ತಿಳಿಯುವುದು ಅಪರೂಪ. ತುಂಟತನ ಮಾಡಿದ ಗುಲಾಮನನ್ನು ಹೆದರಿಸಲು ಒಡೆಯನಿಗೆ ಚಾವಟಿಗಿಂತಲೂ ಈ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಈ ಭಯವನ್ನು ಬಲ್ಲ ಲೇಖಕರಲ್ಲಿ ಮಾರ್ಕ್ ಟ್ವೇನ್ ಪ್ರಮುಖನು. ಅವನು ಮಿಸಿಸಿಪಿಯ ದಡದ ಹ್ಯಾನಿಬಲ್ ಎಂಬ ಗುಲಾಮರಿದ್ದ ಊರಿನಲ್ಲಿ ಬೆಳೆದವನು, ಆ ನದಿಯ ಹಡಗುಗಳಲ್ಲಿ ಚಾಲಕನಾಗಿದ್ದವನು. ಅವನ ಲೇಖನನಾಮವೇ ನೀರಿನ ಆಳವನ್ನು ಅಳೆಯುವವರ ಕೂಗು: 'ಎರಡು ಗುರುತು', ಎಂದರೆ ಹನ್ನೆರಡು ಅಡಿ, ಹಡಗು ಧೈರ್ಯವಾಗಿ ಸಾಗಬಹುದು ಎಂದು ಅರ್ಥ. ಅವನ ಹಕಲ್‌ಬೆರಿ ಫಿನ್ ಕಾದಂಬರಿಯ ಜಿಮ್ ಓಡಿಹೋಗುವುದು ತನ್ನನ್ನು ನ್ಯೂ ಆರ್ಲಿಯನ್ಸಿಗೆ ಮಾರುವ ಮಾತು ಕಿವಿಗೆ ಬಿದ್ದುದರಿಂದ. ೧೮೯೪ರ ಪಡ್‌ನ್‌ಹೆಡ್ ವಿಲ್ಸನ್ ಎಂಬ ಕಾದಂಬರಿಯಲ್ಲಿ ರಾಕ್ಸಿ ಎಂಬ ದಾಸಿಯು ಅದೇ ಭಯದಿಂದ ತನ್ನ ಕೂಸನ್ನು ಒಡೆಯನ ಕೂಸಿನ ತೊಟ್ಟಿಲಿಗೆ ಬದಲಾಯಿಸುತ್ತಾಳೆ. ಮುಂದೆ ಒಡೆಯನಾಗಿ ಬೆಳೆದ ಆ ಮಗನೇ ಅವಳನ್ನು ಮೋಸದಿಂದ ಹೊಳೆಯ ಕೆಳಗೆ ಮಾರುತ್ತಾನೆ. ಇಂದಿನ ನುಡಿಗಟ್ಟಿನಲ್ಲಿ ಉಳಿದಿರುವ ದ್ರೋಹವೆಂಬ ಅರ್ಥವೂ ಹಿಂದಿನ ಮಾರಾಟವೆಂಬ ಅರ್ಥವೂ ಆ ಒಂದು ಪ್ರಸಂಗದಲ್ಲಿ ಕೂಡಿಕೊಂಡಿವೆ.